ನೀರೋ ಹಾಡುವಾಗ ಯಾರೂ ಏಳುವಂತಿಲ್ಲ

ಮೊನ್ನೆ ರಾತ್ರಿಯ ಮಳೆಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿತು. ಪಂಪು ಕೆಟ್ಟಿತ್ತು. ವಾಚ್‌ಮನ್ ಪ್ಯಾಂಟು ಮೊಣಕಾಲಿನ ತನಕ ಮಡಚಿಕೊಂಡು ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ಸಂಘದ ಅಧ್ಯಕ್ಷರು ತಾವು ಕರೋಕೆಯಲ್ಲಿ ಹಾಡಿದ ಹಳೇ ಚಿತ್ರಗೀತೆಯೊಂದನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಮೂರನೇ ಮಹಡಿಯವರು ತಡಮಾಡಲಿಲ್ಲ. ‘ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದನಂತೆ’ ಎಂದು ಬರೆದರು. ಅದಕ್ಕೆ ಸಾಲುಸಾಲು ಹೆಬ್ಬೆರಳು.

ಅಧ್ಯಕ್ಷರ ಮೇಲೆ ನನಗೂ ಸಿಟ್ಟು ಬಂತು. ಚರಣಕ್ಕೆ ಬರುವಷ್ಟರಲ್ಲಿ ಶ್ರುತಿ ಊರು ಬಿಟ್ಟಿತ್ತು. ಆದರೆ ಆ ರೋಮನ್ ಚಕ್ರವರ್ತಿ ನೀರೋನನ್ನು ಕಂಡರೆ ಎಲ್ಲರಿಗೂ ಇಷ್ಟು ಸದರ ಯಾಕೆ? ಬರಗಾಲದಲ್ಲಿ ಮಂತ್ರಿ ವಿದೇಶಕ್ಕೆ ಹೋದರೆ ನೀರೋ. ರಸ್ತೆ ಗುಂಡಿಗೆ ನೀರೋ. ವಿರೋಧ ಪಕ್ಷದಲ್ಲಿ ಕೂತವರಿಗೆಲ್ಲ ನೀರೋ ಬೇಕು, ಆಡಳಿತದ ಕಡೆಗೆ ದಾಟಿದ ದಿನವೇ ಮರೆತುಹೋಗುತ್ತಾನೆ. ಕೊನೆಗೆ ಬೇಸ್‌ಮೆಂಟಿಗೆ ನೀರು ಬಂದರೂ ಬೆಂಕಿಯವನೇ ಬರಬೇಕು.

ಪಿಟೀಲಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ರೋಮಿಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರ ಜುಲೈನಲ್ಲಿ. ಪಿಟೀಲು ಹುಟ್ಟಿದ್ದು 16ನೇ ಶತಮಾನದಲ್ಲಿ. ನೀರೋ ನುಡಿಸುತ್ತಿದ್ದದ್ದು ಕಿತಾರಾ ಎಂಬ ತಂತಿವಾದ್ಯ, ಮೀಟಿ ನುಡಿಸುವಂಥದ್ದು. ಏಳು ತಂತಿಯ ಪಿಟೀಲು ಹಿಡಿದು ಕೂತ ಚೌಡಯ್ಯನವರ ನಾಡಿನಲ್ಲಿ ಸುಮ್ನೆ ಆ ವಾದ್ಯದ ಮಾನ ಯಾಕೆ ಕಳೆಯುತ್ತೀರಿ? ಇನ್ನು ಬೆಂಕಿ ಹತ್ತಿದಾಗ ಅವನು ಊರಲ್ಲೇ ಇರಲಿಲ್ಲ, ಸಮುದ್ರ ತೀರದ ಆಂಟಿಯಂನಲ್ಲಿದ್ದ. ಸುದ್ದಿ ತಿಳಿದು ಬಂದು ತನ್ನ ತೋಟಗಳನ್ನು ಮನೆ ಕಳೆದುಕೊಂಡವರಿಗೆ ತೆರೆಸಿದ, ಧಾನ್ಯದ ಬೆಲೆ ಇಳಿಸಿದ. ಉರಿಯುವ ಊರನ್ನು ನೋಡುತ್ತ ಹಾಡಿದ ಎಂಬುದನ್ನು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಗಾಳಿಸುದ್ದಿ ಎಂದೇ ಬರೆದ. ನಿಜ ಎಂದು ಬರೆದ ಇನ್ನೊಬ್ಬ ಇತಿಹಾಸಕಾರ ಸ್ಯುಟೋನಿಯಸ್ ಬೆಂಕಿಯ ಹೊತ್ತಿಗೆ ಇನ್ನೂ ಹುಟ್ಟಿಯೇ ಇರಲಿಲ್ಲ.

ಹಾಗಂತ ನೀರೋ ಸಾಧು ಅಲ್ಲ. ಹೆತ್ತ ತಾಯಿಯನ್ನೇ ಕೊಲ್ಲಿಸಿದವನು. ಬೆಂಕಿಯ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿ ಅವರನ್ನು ಚಿತ್ರಹಿಂಸೆ ಕೊಟ್ಟು ಸಾಯಿಸಿದ. ಇಷ್ಟೆಲ್ಲ ಮಾಡಿಯೂ ಜನರ ಬಾಯಲ್ಲಿ ಉಳಿದದ್ದು ಅವನು ಹಿಡಿಯದ ಒಂದು ವಾದ್ಯ.

ಆದರೆ ಅವನ ಹಾಡು ಮಾತ್ರ ಗಾಳಿಸುದ್ದಿಯಲ್ಲ. ಕಂಠ ಸಣ್ಣ, ಅದೂ ಒಡಕು. ಅದನ್ನು ತಿದ್ದಲು ಅಂಗಾತ ಮಲಗಿ ಎದೆಯ ಮೇಲೆ ಸೀಸದ ಹಲಗೆ ಇಟ್ಟುಕೊಳ್ಳುತ್ತಿದ್ದ. ಸ್ವರಕ್ಕೆ ಆಗದ ಹಣ್ಣು ಬಿಟ್ಟ. ಸಾಧನೆ ಅಂದರೆ ಸಾಧನೆ, ಅದಕ್ಕೆ ಕೈ ಮುಗಿಯೋಣ. ನಂತರ ವೇದಿಕೆ ಬೇಕಾಯಿತು. ನೇಪಲ್ಸ್‌ನಲ್ಲಿ ಮೊದಲ ಸಾರ್ವಜನಿಕ ಕಛೇರಿ. ಚಪ್ಪಾಳೆ ತಟ್ಟಲೆಂದೇ ಗಟ್ಟಿಮುಟ್ಟಾದ 5000ಕ್ಕೂ ಹೆಚ್ಚು ಯುವಕರನ್ನು ಸೇರಿಸಿ ತರಬೇತಿ ಕೊಡಿಸಿದ. ಚಪ್ಪಾಳೆಯಲ್ಲೇ ಮೂರು ಬಗೆ. ಒಂದಕ್ಕೆ ಜೇನ್ನೊಣ ಅಂತ ಹೆಸರು, ಇನ್ನೊಂದಕ್ಕೆ ಹೆಂಚು, ಮತ್ತೊಂದಕ್ಕೆ ಇಟ್ಟಿಗೆ. ಈ ತಂಡದ ನಾಯಕರಿಗೆ ತಲಾ 4 ಲಕ್ಷ ಸೆಸ್ಟರ್ಸ್ (ರೋಮಿನ ಆಗಿನ ನಾಣ್ಯ) ಸಂಭಾವನೆ. ಹಾಡಿದವನು ಪುಕ್ಕಟೆ, ತಟ್ಟಿದವನಿಗೆ ದುಡ್ಡು!

ಆ ನೇಪಲ್ಸ್ ಕಛೇರಿಯ ನಡುವೆ ಭೂಕಂಪವಾಯಿತು. ರಂಗಮಂದಿರ ಅಲ್ಲಾಡಿತು. ನೀರೋ ನಿಲ್ಲಿಸಲಿಲ್ಲ, ಹಿಡಿದ ಹಾಡನ್ನು ಮುಗಿಸಿಯೇ ಬಿಟ್ಟ. ನೋಡಿ, ಇಂಥ ಚಿನ್ನದಂಥ ಕಥೆ ಕೈಯಲ್ಲಿರುವಾಗ ಜನ ಆ ಬೆಂಕಿಯ ಕಥೆಯನ್ನೇ ಯಾಕೆ ಹಿಡಿದುಕೊಂಡರೋ! ಇದರ ಹಿಂದೆ ಏನೋ ಗಹನವಾದದ್ದು ಇರಬೇಕು. ಯೋಚನೆ ಮಾಡಿ ಬರೆಯೋಣ ಅಂತಲೇ ಕೂತೆ. ಆದರೆ ಬಾಗಿಲಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

ನೀರೋ ಹಾಡುತ್ತಿದ್ದರೆ ಎಷ್ಟೇ ತುರ್ತು ಇದ್ದರೂ ಯಾರೂ ಎದ್ದು ಹೋಗುವಂತಿರಲಿಲ್ಲ. ಊರ ಬಾಗಿಲುಗಳು ಬಂದ್. ಕೇಳುತ್ತ ಕೂತಲ್ಲೇ ಕೆಲವು ಹೆಂಗಸರಿಗೆ ಹೆರಿಗೆಯಾಯಿತಂತೆ. ಕೇಳಿ ಕೇಳಿ ಸಾಕಾದ ಕೆಲವರು ಹಿಂಬದಿಯ ಗೋಡೆ ಹಾರಿದರಂತೆ, ಕೆಲವರು ಸತ್ತಂತೆ ನಟಿಸಿ ಹೆಣದ ಹಾಗೆ ಹೊರಸಾಗಿಸಿಕೊಂಡರಂತೆ. ಇದೂ ಸ್ಯುಟೋನಿಯಸ್ ಬರೆದದ್ದೇ. ಮೇಲೆ ಅವನನ್ನು ಅನುಮಾನಿಸಿದ್ದೇನೆ, ಆದರೆ ಇದೊಂದನ್ನು ನಂಬಲು ನನಗೆ ಏನೂ ಕಷ್ಟವಿಲ್ಲ. ನಮ್ಮ ಕಡೆಯ ಸನ್ಮಾನ ಸಮಾರಂಭಗಳಿಗೆ ಹೋಗಿದ್ದೀರಿ ತಾನೆ? ಮುಖ್ಯ ಅತಿಥಿ ‘ಎರಡೇ ಮಾತು’ ಅನ್ನುತ್ತಾರೆ. ಮುಕ್ಕಾಲು ಗಂಟೆಯ ನಂತರ, ಅಭಿಮಾನಿಗಳ ಒತ್ತಾಯವಂತೆ, ಒಂದು ಹಾಡನ್ನೂ ಹಾಡುತ್ತಾರೆ. ಒತ್ತಾಯಿಸಿದ ಆ ಅಭಿಮಾನಿ ಯಾರು ಅಂತ ಕತ್ತು ತಿರುಗಿಸಿ ಹುಡುಕಿದ್ದೇನೆ, ಸಿಕ್ಕಿಲ್ಲ. ಬಾಗಿಲು ಹಾಕುವ ಅಗತ್ಯವೇ ಇಲ್ಲ. ಊಟದ ಕೂಪನ್ ಕೊಡುವುದು ವಂದನಾರ್ಪಣೆ ಮುಗಿದ ಮೇಲೆ!

ಗ್ರೀಸ್ ಪ್ರವಾಸದಲ್ಲಿ ನೀರೋನ ಪರಿವಾರದಲ್ಲಿದ್ದ ವೆಸ್ಪೇಸಿಯನ್ ಎಂಬ ಸೇನಾನಿ, ದೊರೆ ಹಾಡುವಾಗ ಎದ್ದು ಹೋಗುತ್ತಿದ್ದ, ಇಲ್ಲವೇ ಕೂತಲ್ಲೇ ನಿದ್ದೆ ಹೊಡೆಯುತ್ತಿದ್ದ. ದೊರೆಯ ಕೆಂಗಣ್ಣಿಗೆ ಬಿದ್ದು ಒಂದಷ್ಟು ಕಾಲ ಮರೆಯಾಗಿದ್ದ. ನೀರೋ 68ರಲ್ಲಿ ಸತ್ತ, 69ರಲ್ಲಿ ಇದೇ ನಿದ್ದೆಗಾರ ಚಕ್ರವರ್ತಿಯಾದ. ಇದನ್ನು ಓದಿದಂದಿನಿಂದ ನಾನು ಹೋದ ಕಡೆಯಲ್ಲೆಲ್ಲ ಕಂಬದ ಹಿಂದಿನ ಕುರ್ಚಿ ಹುಡುಕುತ್ತೇನೆ. ಸಿಂಹಾಸನ ಸಿಗುವುದಿಲ್ಲ ಅಂತ ಗೊತ್ತು, ನಿದ್ದೆಯಾದರೂ ಸಿಗಲಿ.