ಒಂಟೆ ಮುಖದ ಕುದುರೆ

ನ್ಯೂಜೆರ್ಸಿಯ ಹಳೆಯ ತಾಮ್ರದ ಕಾಸುಗಳನ್ನು ಕೂಡಿಡುವವರಿಗೆ ನಾಣ್ಯದ ಅಂದಕ್ಕಿಂತ ಅದರ ಅಂದಗೇಡಿನ ಬಗೆಯೇ ಹೆಚ್ಚು ಮುಖ್ಯವಾದ್ದರಿಂದ, ಈ ಹವ್ಯಾಸವನ್ನು ಮನೆಯವರಿಗೆ ಒಪ್ಪಿಸುವುದು ಸುಲಭವಲ್ಲ. 1786ರಲ್ಲಿ ಅಲ್ಲಿನ ಶಾಸನಸಭೆ 30 ಲಕ್ಷ ಕಾಸುಗಳನ್ನು ಟಂಕಿಸಲು ಮೂವರಿಗೆ ಗುತ್ತಿಗೆ ಕೊಟ್ಟಿತು. ಆ ಹೊತ್ತಿಗೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾಗಿ ಹತ್ತು ವರ್ಷಗಳಾಗಿದ್ದವು. ಆದರೂ ಸಂಗ್ರಾಹಕರು ಇವನ್ನು ವಸಾಹತು ಕಾಲದ ಪಂಕ್ತಿಯಲ್ಲೇ ಕೂರಿಸುತ್ತಾರೆ. ಒಂದು ಬದಿಯಲ್ಲಿ ಗುರಾಣಿ, ಇನ್ನೊಂದು ಬದಿಯಲ್ಲಿ ನೇಗಿಲು ಮತ್ತು ಅದರ ಮೇಲೊಂದು ಕುದುರೆಯ ತಲೆ. ಆದರೆ ಕೈಯಿಂದ ಕೊರೆದ ಅಚ್ಚುಗಳಲ್ಲಿ ಕುದುರೆ ಎಲ್ಲ ಸಲವೂ ಕುದುರೆಯಾಗಿ ಉಳಿಯಲಿಲ್ಲ. ಒಂದಕ್ಕೆ ‘ಹಾವಿನ ತಲೆ’, ಇನ್ನೊಂದಕ್ಕೆ ‘ಒಂಟೆ ತಲೆ’ ಎಂಬ ಅಡ್ಡಹೆಸರುಗಳೇ ನಿಂತುಬಿಟ್ಟಿವೆ.

ನನ್ನಲ್ಲಿದ್ದುದು ಒಂಟೆ. 1881ರಲ್ಲಿ ಎಡ್ವರ್ಡ್ ಮಾರಿಸ್ ಎಂಬ ವೈದ್ಯರು ಈ ಕಾಸುಗಳ ಅಚ್ಚುಗಳಿಗೆ ಮಾಡಿದ ಪಟ್ಟಿಯಲ್ಲಿ ಅದರ ಸಂಖ್ಯೆ 56-ಎನ್. ಈ ಒಂಟೆಗಳಲ್ಲಿ ಅನೇಕವನ್ನು ಹೊಸ ಬಿಲ್ಲೆಗಳ ಮೇಲಲ್ಲ, ಕನೆಕ್ಟಿಕಟ್‌ನ ಕಾಸುಗಳು ಮತ್ತು ಬ್ರಿಟಿಷ್ ಅರ್ಧ ಪೆನ್ನಿಯ ನಕಲಿಗಳ ಮೇಲೆಯೇ ಒತ್ತಿದ್ದರು. ಆದ್ದರಿಂದ ಕುದುರೆಯ ಕತ್ತಿನ ಬಳಿ ಯಾವುದೋ ರಾಜನ ಮೂಗಿನ ಗುರುತು ಕಂಡರೆ ನಮಗೆ ಪರಮಾನಂದ.

ಹಾಸನದಿಂದ ನ್ಯೂಜೆರ್ಸಿಗೆ ಬಂದಿದ್ದ ಅತ್ತೆಯವರಿಗೆ ವರಮಹಾಲಕ್ಷ್ಮಿ ಹಬ್ಬದ ಕಲಶಕ್ಕೆ ನಾಣ್ಯವೊಂದು ಬೇಕಾಗಿತ್ತು. ಮನೆಯಲ್ಲಿ ಕ್ವಾರ್ಟರುಗಳಿಗೇನೂ, ಅಂದರೆ 25 ಸೆಂಟಿನ ನಾಣ್ಯಗಳಿಗೇನೂ, ಬರವಿರಲಿಲ್ಲ. ಆದರೆ ಕಲಶದ ಚೊಂಬು ತಾಮ್ರದ್ದಾದ ಮೇಲೆ ನಾಣ್ಯವೂ ತಾಮ್ರದ್ದಾಗಿರಲಿ ಎಂದು ಅವರು ನನ್ನ ಪೆಟ್ಟಿಗೆ ತೆರೆದು, ಒಂಟೆಯನ್ನು ಆರಿಸಿ, ಚೊಂಬಿನ ಜೊತೆಗೇ ಹುಣಸೆಹಣ್ಣು ಮತ್ತು ಉಪ್ಪು ಹಾಕಿ ತಿಕ್ಕಿದರು. ಇನ್ನೂರು ವರ್ಷಗಳಿಗೂ ಮಿಕ್ಕಿ ಕಟ್ಟಿಕೊಂಡಿದ್ದ ಕಂದು ಲೇಪ, ಅಂದರೆ ಸಂಗ್ರಾಹಕರು ಹಣ ತೆತ್ತು ಕೊಳ್ಳುವ ಮುಖ್ಯ ಸರಕು, ಐದು ನಿಮಿಷದಲ್ಲಿ ಸಿಂಕಿನ ಪಾಲಾಯಿತು. ಕಾಸು ಮದುವೆಮನೆಯ ಗಿಂಡಿಯಂತೆ ಹೊಳೆಯಿತು.

ಹಬ್ಬ ಮುಗಿದ ಮೇಲೆ ನಾಣ್ಯ ವ್ಯಾಪಾರಿಯೊಬ್ಬರಿಗೆ ಅದನ್ನು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಒಮ್ಮೆ ನೋಡಿ, ಹತ್ತಿರದ ಬಂಧುವಿನ ಸಾವಿನ ಸುದ್ದಿ ಹೇಳುವ ದನಿಯಲ್ಲಿ, ಬೆಲೆ ಅರ್ಧಕ್ಕಿಂತ ಕೆಳಗಿಳಿದಿದೆ ಎಂದರು.

ಮನೆಗೆ ಬಂದು ವಿಷಯ ತಿಳಿಸಿದಾಗ ಅತ್ತೆಯವರು ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, “ಬೆಲೆ ಇಳಿಯದೆ ಇನ್ನೇನಾಗುತ್ತೆ ಅಳಿಯಂದಿರೇ? ಕುದುರೆ ಅಂತ ನಿಮಗೆ ಒಂಟೆ ಕೊಟ್ಟು ಮೋಸ ಮಾಡಿದ್ದಾರಲ್ಲ!” ಎಂದು ಮರುಗಿದರು. ಆಮೇಲೆ ಪೆಟ್ಟಿಗೆಯತ್ತ ಕಣ್ಣು ಹಾಯಿಸಿ, “ಮಿಕ್ಕವನ್ನೂ ಇತ್ತ ಕೊಡಿ, ಹುಣಸೆಹಣ್ಣು ಇನ್ನೂ ಉಳಿದಿದೆ,” ಎಂದರು.