ಫ್ಯೂಸ್ ಎಲ್ಲಪ್ಪಾ?

ಅಕ್ಕನ ಮಗ ನಿನ್ನೆ ಸಂಜೆ ಕುಶಾಲನಗರದಿಂದ ಬಂದ. ಕಾರಿಗಿಂತ ಮೊದಲು ಅದರ ಸದ್ದು ಗೇಟ್ ದಾಟಿತು. ಅಡುಗೆಮನೆ ಶೆಲ್ಫಿನ ಸ್ಟೀಲ್ ಲೋಟಗಳೆಲ್ಲ ಗಡಗಡ ಅಂದವು. "ಮಾವ, ಡಿಕ್ಕಿ ನೋಡಿ!" ಅಂದ. ಹನ್ನೆರಡು ಇಂಚಿನ ಸಬ್‌ವೂಫರ್, ಅಂದರೆ ಧಂಧಂ ಅನ್ನುವ ದೊಡ್ಡ ಸ್ಪೀಕರ್. ಪಕ್ಕದಲ್ಲೇ ಅದಕ್ಕೆ ಬಲ ಕೊಡುವ, ಹೊಳೆಯುವ ಆ್ಯಂಪ್ (ಆ್ಯಂಪ್ಲಿಫೈಯರ್). ನನಗೂ ಖುಷಿಯಾಯಿತು, ಸುಳ್ಳು ಯಾಕೆ. ಕಾರಿನ ಸೌಂಡ್ ಹುಚ್ಚು ನನಗೂ ಕಮ್ಮಿಯಿಲ್ಲ.

ಆಮೇಲೆ ಬಾನೆಟ್ ತೆಗೆಸಿದೆ.

ಬ್ಯಾಟರಿ ಪ್ಲಸ್‌ನಿಂದ ಹೆಬ್ಬೆರಳು ಗಾತ್ರದ ಕೆಂಪು ವೈರ್ ಹೊರಟಿದೆ. ಇಂಜಿನ್ ಹಿಂದಿನ ತಗಡಿಗೆ ತೂತು ಕೊರೆದು, ಒಂದು ರಬ್ಬರ್ ಬುಷ್ ಕೂಡ ಹಾಕದೆ ಒಳಗೆ ತೂರಿಸಿದ್ದಾರೆ. ಫ್ಯೂಸ್? ಇಲ್ಲ.

ಉಳಿದ ಕೆಲಸ ನೀಟಾಗಿಯೇ ಇದೆ, ಅದಕ್ಕೇ ಜಾಸ್ತಿ ಸಿಟ್ಟು. ಕಂಪನಿ ಸ್ಟೀರಿಯೋಗೆ ಆರ್‌ಸಿಎ ಔಟ್, ಅಂದರೆ ಆ್ಯಂಪ್‌ಗೆ ಸಿಗ್ನಲ್ ಕೊಡುವ ಪಿನ್ ಇಲ್ಲ, ಹಾಗಾಗಿ ಹಿಂದಿನ ಸ್ಪೀಕರ್ ವೈರಿನಿಂದ ಕನ್ವರ್ಟರ್ ಮೂಲಕ ಸಿಗ್ನಲ್ ತೆಗೆದಿದ್ದಾರೆ. ಪವರ್ ವೈರ್ ಒಂದು ಬದಿ, ಸಿಗ್ನಲ್ ಇನ್ನೊಂದು ಬದಿ. ಇಂಜಿನ್ ಏರಿದಾಗ ಕುಯ್ಯ್ ಅನ್ನುವ ಸದ್ದೇ ಇಲ್ಲ. ದಪ್ಪ ಸದ್ದನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟಿದ್ದಾರೆ. ಸ್ಟೀರಿಯೋ ಸಿಗ್ನಲ್‌ಗೆ ಆ್ಯಂಪನ್ನು ಹೊಂದಿಸುವ ಗೇನ್ ಮಾತ್ರ ಪೂರ್ತಿ ತಿರುಗಿಸಿದ್ದರು, ಅದೂ ಒಂದು ವಾಲ್ಯೂಮ್ ಬಟನ್ ಅನ್ನೋ ಹಾಗೆ. ಡಬ್ಬದ ಮೇಲೆ 1200 ವಾಟ್ಸ್, ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಆರ್‌ಎಂಎಸ್, ಅಂದರೆ ಸತತವಾಗಿ ನಡೆಯುವ ನಿಜವಾದ ಪವರ್, 300. ಅದು ಬಿಡಿ, ಎಲ್ಲ ಕಡೆಯೂ ಅದೇ ಕಥೆ.

ಇದನ್ನೆಲ್ಲ ಹಾಕಿದ ಅಂಗಡಿಗೆ ಫೋನ್ ಮಾಡಿದೆ. "ಸಾರ್, ಆ್ಯಂಪಲ್ಲೇ ಫ್ಯೂಸ್ ಇದೆಯಲ್ಲ?" ಅಂದ.

ಮಾರಾಯ, ಅದು ಕಾಯೋದು ಆ್ಯಂಪನ್ನು! ಬ್ಯಾಟರಿಯಿಂದ ಡಿಕ್ಕಿವರೆಗಿನ ನಾಲ್ಕೈದು ಮೀಟರ್ ವೈರನ್ನು ಯಾರು ಕಾಯ್ತಾರೆ? ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರವು ಬ್ಯಾಟರಿ ಮೈನಸ್‌ಗೆ ಸೇರಿರುವ ಕಾರಿನ ತಗಡಿಗೇ ತಾಗಿತು ಅಂದುಕೊಳ್ಳಿ. ಬ್ಯಾಟರಿ ಒಂದೇ ಸಲಕ್ಕೆ ನೂರಾರು ಆಂಪಿಯರ್ ಸುರಿಯುತ್ತದೆ. ವೈರ್ ಕಾದು ಕೆಂಪಾಗುತ್ತದೆ, ಕಾರ್ಪೆಟ್ ಕೆಳಗೇ. ಅದಕ್ಕೇ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಬೇಕು ಅನ್ನೋದು. ಹೋಲ್ಡರ್ ಸಮೇತ ಅದಕ್ಕೆ ಆಗುವ ದುಡ್ಡು, ಇಬ್ಬರು ಪಂದಿಕರಿ ಕಡಂಬುಟ್ಟು ತಿಂದಷ್ಟು.

"ನೂರು ಗಾಡಿಗೆ ಹೀಗೇ ಹಾಕಿದ್ದೀವಿ ಸಾರ್, ಏನೂ ಆಗಿಲ್ಲ." ಸರಿ. ಹೆಲ್ಮೆಟ್ ಹಾಕದೆ ಓಡಾಡೋರಿಗೂ ದಿನಾ ಏನೂ ಆಗಲ್ಲ, ಅಲ್ವಾ? ಕಕ್ಕಡ ತಿಂಗಳ ಜಡಿಮಳೆಗೆ ಬೆಚ್ಚಗಿನ ಬಾನೆಟ್ ಹುಡುಕಿ ಬಂದು ವೈರ್ ಕಡಿಯೋ ಇಲಿಗಳಿಗೆ ಈ ನೂರರ ಲೆಕ್ಕ ಯಾರು ಹೇಳ್ತಾರೆ? ನಮ್ಮ ರಸ್ತೆಯ ಗುಂಡಿಗಳ ವಿಷಯ ಎತ್ತೋದೇ ಇಲ್ಲ.

ಈಗ ನನ್ನದೂ ಒಂದು ತಪ್ಪೊಪ್ಪಿಗೆ. 2009ರಲ್ಲಿ ನನ್ನ ಮಾರುತಿ 800ಕ್ಕೆ ನಾನೇ ಆ್ಯಂಪ್ ಹಾಕಿದ್ದೆ, ಮನೆ ವೈರಿಂಗ್‌ನಲ್ಲಿ ಉಳಿದ ವೈರಿನಲ್ಲಿ. ಫ್ಯೂಸ್ ಇಲ್ಲದೆ. ಸಂಪಾಜೆ ಘಾಟಿ ಇಳಿಯುವಾಗ ಕಾಲ ಬುಡದಿಂದ ಹೊಗೆ ಎದ್ದಿತು. ಹಿಂದಿನ ಸೀಟಿನಲ್ಲಿ ತೋಟದ ಕತ್ತಿ ಇತ್ತು ಅಂತ ಬಚಾವ್. ಬಾನೆಟ್ ಎತ್ತಿ ಬ್ಯಾಟರಿ ಬುಡದಲ್ಲೇ ವೈರ್ ಕಡಿದೆ. ಹೆಂಡತಿಗೆ ಅವತ್ತು ಹೇಳಿದ್ದು "ಫ್ಯಾನ್ ಬೆಲ್ಟ್ ಸುಟ್ಟಿತು" ಅಂತ. ಇದನ್ನು ಓದಿ ಅವಳಿಗೆ ಇವತ್ತು ಗೊತ್ತಾಗಲಿ.

ಹುಡುಗನ ಕಾರಿನ ಕೆಂಪು ವೈರನ್ನು ಬ್ಯಾಟರಿಯಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಕಳಿಸಿದೆ. ಮುಖ ಊದಿಸಿಕೊಂಡು ಹೋದ. ಇವತ್ತು ಮಡಿಕೇರಿಯಲ್ಲಿ ಫ್ಯೂಸ್, ಹೋಲ್ಡರ್, ರಬ್ಬರ್ ಬುಷ್ ಮೂರೂ ಸಿಕ್ಕಿದವು. ಭಾನುವಾರ ಬಾ ಅಂದಿದ್ದೇನೆ. ಲೋಟಗಳನ್ನು ಶೆಲ್ಫಿನಿಂದ ಇಳಿಸಿಡಬೇಕು.