ಮಂಗಳ ಹುಣ್ಣಿಮೆ ಚಂದ್ರನಷ್ಟು ಕಾಣುತ್ತದಾ?

ಆಗಸ್ಟ್ ಬಂತೆಂದರೆ ವಿಜಯಪುರದ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಈ ಮೆಸೇಜು ಬಂದೇ ಬರುತ್ತದೆ: 27ರ ರಾತ್ರಿ ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದಂತೆ. ಇಲ್ಲ, ಯಾವ ವರ್ಷವೂ ಹಾಗೆ ಕಾಣುವುದಿಲ್ಲ.

ಪೂರಾ ಕಟ್ಟುಕಥೆಯೂ ಅಲ್ಲ ಅನ್ನಿ. 2003ರ ಆಗಸ್ಟ್ 27ರಂದು ಮಂಗಳ ಸುಮಾರು 60 ಸಾವಿರ ವರ್ಷಗಳಲ್ಲೇ ಭೂಮಿಗೆ ಅತಿ ಹತ್ತಿರ ಬಂದಿತ್ತು. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಬರಿಗಣ್ಣಿನ ಚಂದ್ರನಷ್ಟು ಕಾಣುತ್ತದೆ ಎಂಬುದು ಆಗಿನ ಮಾತು. ಕೈಯಿಂದ ಕೈಗೆ ಹೋಗುತ್ತಾ ದೂರದರ್ಶಕವೂ ಉದುರಿತು, ವರ್ಷವೂ ಉದುರಿತು.

ಲೆಕ್ಕ ನೀವೇ ಹಾಕಬಹುದು. ಮಂಗಳದ ಅಗಲ ಚಂದ್ರನ ಎರಡು ಪಟ್ಟು ಅಷ್ಟೇ. ಆದರೆ ಚಂದ್ರ ಇರುವುದು 3.84 ಲಕ್ಷ ಕಿ.ಮೀ. ದೂರದಲ್ಲಿ, ಮಂಗಳ ಅವತ್ತೂ ಸುಮಾರು 5.58 ಕೋಟಿ ಕಿ.ಮೀ. ದೂರವಿತ್ತು. ನಮ್ಮ ಗೋಳಗುಮ್ಮಟವನ್ನೇ ನೋಡಿ: ಬುಡದಲ್ಲಿ ನಿಂತರೆ ಕತ್ತೆತ್ತಬೇಕು, ಊರ ಹೊರಗಿನ ಹೊಲದಿಂದ ನೋಡಿದರೆ ನಿಂಬೆಹಣ್ಣು!

ಮೆಸೇಜಿನಲ್ಲಿ ದಿನಾಂಕ ಇದ್ದು ವರ್ಷ ಇಲ್ಲವೇ? ಸ್ವಲ್ಪ ತಡೆಯಿರಿ. ಮೊಬೈಲಿನ ಆಕಾಶ ನಕ್ಷೆ ತೆರೆದು ಮಾಳಿಗೆ ಹತ್ತಿ. ಸುಮಾರು 26 ತಿಂಗಳಿಗೊಮ್ಮೆ ಮಂಗಳ ಹತ್ತಿರ ಬರುತ್ತದೆ, ಆಗ ಕೆಂಡದ ಕಿಡಿಯಂತೆ ಕಾಣುತ್ತದೆ. ಆ ಕಿಡಿಯ ಮೇಲೆ ಸುಮಾರು 22 ಕಿ.ಮೀ. ಎತ್ತರದ ಜ್ವಾಲಾಮುಖಿ ಬೆಟ್ಟವೊಂದಿದೆ. ನನಗಂತೂ ಮೆಸೇಜಿಗಿಂತ ಇದೇ ಜಾಸ್ತಿ ಮಜಾ.